ನೀರಮ್ಮನ ನಾಡು: ಥಾಯ್ಲೆಂಡಿನ ನದಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಬ್ಯಾಂಕಾಕಿಗೆ ಹೊರಡುವವರು ಕಡಲತೀರ, ಮಾರುಕಟ್ಟೆ, ದೇವಾಲಯ ಎಂದು ಪಟ್ಟಿ ಬರೆದುಕೊಳ್ಳುತ್ತಾರೆ. ಆ ಪಟ್ಟಿಯಲ್ಲಿ ನದಿಯ ಪಾಲಿಗೆ ಬರುವುದು ದೀಪಾಲಂಕಾರದ ಹಡಗಿನಲ್ಲಿ ರಾತ್ರಿಯೂಟ ಮಾಡುವ ಎರಡು ಗಂಟೆ ಮಾತ್ರ. ಥಾಯ್ ಜನರ ಊರು, ಅನ್ನ, ಹಬ್ಬ, ಕೊನೆಗೆ ಚಿತಾಭಸ್ಮ ಕೂಡ ನದಿಗೆ ಸೇರಿದ್ದು. ನದಿಯನ್ನು ಬಿಟ್ಟು ಆ ದೇಶವನ್ನು ನೋಡಿ ಬಂದವರು ಅರ್ಧವನ್ನಷ್ಟೇ ನೋಡಿರುತ್ತಾರೆ ಎಂಬುದು ನನ್ನ ಗಟ್ಟಿ ನಂಬಿಕೆ. ಪ್ರವಾಸಕ್ಕೆ ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಥಾಯ್ ಭಾಷೆಯಲ್ಲಿ ನದಿಗೆ ಏನೆನ್ನುತ್ತಾರೆ?

ಮೇ ನಾಮ್. ಮೇ ಎಂದರೆ ತಾಯಿ, ನಾಮ್ ಎಂದರೆ ನೀರು. ಹಾಗಾಗಿ ಅವರ ಬಾಯಲ್ಲಿ ಪ್ರತಿ ನದಿಯೂ ನೀರಮ್ಮನೇ. ಹಳೆಯ ಯುರೋಪಿಯನ್ ನಕ್ಷೆಗಳಲ್ಲಿ ಚಾವೊ ಫ್ರಾಯಾ ನದಿಯ ಹೆಸರು 'ಮೇನಾಮ್' ಎಂದೇ ಇದೆ. ನದಿ ಎಂಬ ಪದವನ್ನೇ ನದಿಯ ಹೆಸರೆಂದು ಅವರು ಬರೆದುಕೊಂಡಿದ್ದರು.

ನಾಮ್ ಎಂಬ ಈ ಒಂದು ಪದವನ್ನು ಹಿಡಿದುಕೊಂಡರೆ ಥಾಯ್ ಭಾಷೆ ನಮಗೆ ತಟ್ಟನೆ ಹತ್ತಿರವಾಗುತ್ತದೆ. ತಾ ಎಂದರೆ ಕಣ್ಣು, ನಾಮ್ ತಾ ಎಂದರೆ ನಮ್ಮ ಕಣ್ಣೀರೇ. ಎಳನೀರು ಅಲ್ಲಿಯೂ ನೀರೇ, ನಾಮ್ ಮಫ್ರಾವ್. ಮಂಜುಗಡ್ಡೆ ಎಂದರೆ ಗಟ್ಟಿ ನೀರು, ಜೇನುತುಪ್ಪ ಎಂದರೆ ಜೇನಿನ ನೀರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಾಮ್ ಚಾಯ್. ಅದು ಹೃದಯದ ನೀರು, ಅಂದರೆ ಔದಾರ್ಯ. ಎದೆಯಲ್ಲಿ ಪಸೆ ಇರುವವರು ಎಂದು ನಾವು ಹೇಳುವುದೂ ಇದನ್ನೇ ಅಲ್ಲವೇ?

ಗಾದೆಗಳಲ್ಲೂ ನೀರೇ. 'ನೀರು ಏರಿದಾಗ ಬೇಗ ಮೊಗೆದುಕೋ' ಎನ್ನುತ್ತಾರೆ ಅವರು. 'ಗಾಳಿ ಬಂದಾಗ ತೂರಿಕೋ' ಎನ್ನುತ್ತೇವೆ ನಾವು. ಮಾತು ಒಂದೇ. ನಮ್ಮದು ಕಣದಲ್ಲಿ ಹುಟ್ಟಿತು, ಅವರದು ಮನೆಯ ಮೆಟ್ಟಿಲಿನವರೆಗೂ ನೀರು ಬರುವ ನಾಡಿನಲ್ಲಿ ಹುಟ್ಟಿತು.

ಊರ ಹೆಸರುಗಳನ್ನೂ ಗಮನಿಸಿ. 'ಬಾಂಗ್' ಎಂದು ಆರಂಭವಾದರೆ ಅದು ನೀರಿನ ಬದಿಯ ಹಳ್ಳಿ, 'ಥಾ' ಎಂದರೆ ದೋಣಿಕಟ್ಟೆ, 'ಪಾಕ್ ನಾಮ್' ಎಂದರೆ ನೀರಿನ ಬಾಯಿ, ನಮ್ಮ ಕರಾವಳಿಯವರು ಹೇಳುವ ಅಳಿವೆ.

ಯಾವ ಯಾವ ನದಿಗಳ ಹೆಸರು ತಿಳಿದಿರಬೇಕು?

ಮೊದಲು ಚಾವೊ ಫ್ರಾಯಾ. ಉತ್ತರದ ಬೆಟ್ಟಗಳಿಂದ ಪಿಂಗ್, ವಾಂಗ್, ಯೋಮ್, ನಾನ್ ಎಂಬ ನಾಲ್ಕು ನದಿಗಳು ಇಳಿದು ಬರುತ್ತವೆ. ವಾಂಗ್ ನದಿ ಪಿಂಗ್ ಅನ್ನು ಸೇರುತ್ತದೆ, ಯೋಮ್ ನದಿ ನಾನ್ ಅನ್ನು ಸೇರುತ್ತದೆ. ಕೊನೆಗೆ ಪಿಂಗ್ ಮತ್ತು ನಾನ್ ನಖೋನ್ ಸವನ್ ಪಟ್ಟಣದಲ್ಲಿ ಕೂಡಿ ಚಾವೊ ಫ್ರಾಯಾ ಆಗುತ್ತವೆ. ಅಲ್ಲಿಂದ ಕಡಲಿಗೆ 372 ಕಿಲೋಮೀಟರ್. ಗಂಗೆ, ಮೆಕಾಂಗ್‌ಗಳ ಮುಂದೆ ಇದು ಚಿಕ್ಕ ನದಿ. ಆದರೆ ಥಾಯ್ಲೆಂಡಿನ ಅನ್ನದ ಬಟ್ಟಲು ಇದರ ಬಯಲಿನಲ್ಲಿದೆ. ಚಿಯಾಂಗ್ ಮಾಯ್ ಇರುವುದು ಪಿಂಗ್ ದಡದಲ್ಲಿ, ಸುಖೋಥಾಯ್ ಇರುವುದು ಯೋಮ್ ದಡದಲ್ಲಿ.

ಈಶಾನ್ಯದ ಗಡಿಯುದ್ದಕ್ಕೂ ಮೆಕಾಂಗ್ ಹರಿಯುತ್ತದೆ, ಆಚೆ ದಡ ಲಾವೋಸ್. ಪಶ್ಚಿಮದಲ್ಲಿ ಮೇ ಕ್ಲೋಂಗ್. ದಕ್ಷಿಣದಲ್ಲಿ ತಾಪಿ.

ತಾಪಿ ಎಂದ ಕೂಡಲೇ ಗುಜರಾತಿನ ಸೂರತ್ ನೆನಪಾಯಿತೇ? ಅದು ಕಾಕತಾಳೀಯವಲ್ಲ. 1915ರಲ್ಲಿ ಆರನೆಯ ರಾಮ ಎಂದು ಕರೆಯುವ ಥಾಯ್ ರಾಜ ವಜಿರಾವುಧ್ ಅಲ್ಲಿನ ಪಟ್ಟಣಕ್ಕೆ ಸೂರತ್ತಿನ ನೆನಪಿನಲ್ಲಿ ಸುರತ್ ಥಾನಿ ಎಂದು ಹೆಸರಿಟ್ಟ. ಊರು ಸೂರತ್ ಆದ ಮೇಲೆ ಅದರ ನದಿಗೂ ತಾಪಿ ಎಂಬ ಹೆಸರೇ ಬಂತು.

ಬ್ಯಾಂಕಾಕನ್ನು ನದಿಯ ಮಗಳು ಎನ್ನಬಹುದೇ?

ಎನ್ನಬಹುದು. ಆದರೆ ಆ ನದಿಯ ಒಂದು ಭಾಗವನ್ನು ಮನುಷ್ಯರೇ ತೋಡಿದ್ದು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಬ್ಯಾಂಕಾಕಿನ ಬಳಿ ಚಾವೊ ಫ್ರಾಯಾ ಹಿಂದೆ ಪಶ್ಚಿಮಕ್ಕೆ ದೊಡ್ಡದೊಂದು ಸುತ್ತು ಹಾಕಿ ಮತ್ತೆ ಹತ್ತಿರಕ್ಕೇ ಬರುತ್ತಿತ್ತು. ಕಡಲಿನಿಂದ ಆಗಿನ ರಾಜಧಾನಿ ಅಯುತ್ಥಾಯಕ್ಕೆ ಹೋಗುವ ಹಡಗುಗಳು ಆ ಸುತ್ತಿನಲ್ಲಿ ಬಹಳ ಹೊತ್ತು ಕಳೆಯಬೇಕಿತ್ತು. 16ನೆಯ ಶತಮಾನದಲ್ಲಿ ರಾಜ ಚಾಯ್‌ರಾಚಾ ಆ ಸುತ್ತಿನ ಕೊರಳಿಗೆ ಅಡ್ಡಲಾಗಿ ಒಂದು ಕಾಲುವೆ ತೋಡಿಸಿದ. ನೀರು ನೇರ ದಾರಿಯನ್ನು ಹಿಡಿಯಿತು, ದಡಗಳು ಕೊರೆದು ಕಾಲುವೆ ಅಗಲವಾಗುತ್ತಾ ಹೋಗಿ ಅದೇ ಮುಖ್ಯ ನದಿಯಾಯಿತು. ಹಳೆಯ ನದಿ ಸೊರಗಿ ಬಾಂಕಾಕ್ ನೋಯ್, ಬಾಂಕಾಕ್ ಯಾಯ್ ಎಂಬ ಕಾಲುವೆಗಳಾಗಿ ಉಳಿಯಿತು. ಇಂದು ಅರಮನೆಯ ಮುಂದೆ ದೋಣಿಯಲ್ಲಿ ಸಾಗುವಾಗ ನಾವು ತೇಲುವುದು ಸುಮಾರು 500 ವರ್ಷದ ಹಿಂದೆ ಗುದ್ದಲಿಯಿಂದ ಶುರುವಾದ ನೀರಿನ ಮೇಲೆ. ಇದನ್ನು ತಿಳಿದು ಆ ನೀರನ್ನು ನೋಡುವ ಅನುಭವವೇ ಬೇರೆ.

1782ರಲ್ಲಿ ರಾಜ ಒಂದನೆಯ ರಾಮ ರಾಜಧಾನಿಯನ್ನು ಪಶ್ಚಿಮ ದಡದ ಥೋನ್‌ಬುರಿಯಿಂದ ಪೂರ್ವದ ದಡಕ್ಕೆ ತಂದ. ಪಶ್ಚಿಮದಿಂದ ಬರುವ ಬರ್ಮಾ ಸೇನೆಗೆ ಅಗಲವಾದ ನದಿಯೇ ಅಡ್ಡಗೋಡೆಯಾಗಲಿ ಎಂಬುದು ಲೆಕ್ಕಾಚಾರ. ಉಳಿದ ದಿಕ್ಕುಗಳಲ್ಲಿ ಕಂದಕದಂತೆ ಕಾಲುವೆಗಳನ್ನು ತೋಡಿಸಿದ. ಕಾಲುವೆಗೆ ಥಾಯ್ ಭಾಷೆಯಲ್ಲಿ ಖ್ಲೋಂಗ್ ಎನ್ನುತ್ತಾರೆ. ಮುಂದಿನ ಕಾಲದಲ್ಲಿ ಖ್ಲೋಂಗ್‌ಗಳೇ ಬೀದಿಗಳಾದವು, ಮನೆಗಳ ಮುಂಬಾಗಿಲು ನೀರಿನ ಕಡೆಗಿತ್ತು, ಸಾವಿರಾರು ಜನ ತೇಲುವ ಮನೆಗಳಲ್ಲೇ ಬಾಳಿದರು. ಮೂರನೆಯ ರಾಮನ ಕಾಲದಲ್ಲಿ, 1837ರಿಂದ 1840ರ ನಡುವೆ, ವಿಯೆಟ್ನಾಂ ಜೊತೆಗಿನ ಯುದ್ಧಕ್ಕೆ ಸೈನಿಕರನ್ನೂ ಸಾಮಗ್ರಿಯನ್ನೂ ಸಾಗಿಸಲು ತೋಡಿದ ಸೇನ್ ಸೇಪ್ ಕಾಲುವೆಯಲ್ಲಿ ಇವತ್ತು ಕಚೇರಿಗೆ ಹೋಗುವವರ ದೋಣಿಗಳು ಓಡುತ್ತಿವೆ. ಆಧುನಿಕ ರೀತಿಯ ಮೊದಲ ರಸ್ತೆ ಚರೋನ್ ಕ್ರುಂಗ್ ಬಂದದ್ದು 1860ರ ದಶಕದಲ್ಲಿ. ಅಲ್ಲಿಂದ ಮುಂದೆ ಒಂದೊಂದೇ ಕಾಲುವೆಯನ್ನು ಮುಚ್ಚಿ ರಸ್ತೆ ಮಾಡುತ್ತಾ ಬಂದರು. ನಮ್ಮ ಕೆರೆಗಳನ್ನು ಕಳೆದುಕೊಂಡ ಬೆಂಗಳೂರಿಗರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಯುತ್ಥಾಯಕ್ಕೆ ನದಿಯ ಮೂಲಕವೇ ಹೋಗಬೇಕೇ?

ರೈಲಿನಲ್ಲಿ ಹೋಗುವುದು ಅಗ್ಗ ಮತ್ತು ಸುಲಭ. ಆದರೆ ಅಲ್ಲಿಗೆ ತಲುಪಿದ ಮೇಲೆ ಊರನ್ನು ಒಂದು ಸಲವಾದರೂ ದೋಣಿಯಲ್ಲಿ ಸುತ್ತಿ. ಅಯೋಧ್ಯೆಯ ಹೆಸರು ಹೊತ್ತ ಈ ನಗರ 1350ರಲ್ಲಿ ಸ್ಥಾಪನೆಯಾಗಿ 1767ರಲ್ಲಿ ಬರ್ಮಾ ಸೇನೆಯ ಕೈಯಲ್ಲಿ ಹಾಳಾಯಿತು. ಚಾವೊ ಫ್ರಾಯಾ, ಪಾ ಸಕ್, ಲೋಪ್‌ಬುರಿ ಎಂಬ ಮೂರು ನದಿಗಳು ಸುತ್ತುವರಿದ ದ್ವೀಪ ಇದು. ಮಳೆಗಾಲದಲ್ಲಿ ಸುತ್ತಲಿನ ಬಯಲು ನೀರಿನಲ್ಲಿ ಮುಳುಗುತ್ತಿದ್ದುದರಿಂದ ಮುತ್ತಿಗೆ ಹಾಕಿದವರು ಸಾಮಾನ್ಯವಾಗಿ ಆಗ ಹಿಂದೆ ಸರಿಯಬೇಕಾಗುತ್ತಿತ್ತು. ಕೊನೆಯ ಮುತ್ತಿಗೆಯಲ್ಲಿ ಬರ್ಮಾದವರು ಮಳೆಗಾಲದಲ್ಲೂ ಕದಲಲಿಲ್ಲ.

ಲೋಯ್ ಕ್ರಥೋಂಗ್ ಹಬ್ಬ ಯಾವಾಗ? ನಾವೂ ಅದರಲ್ಲಿ ಸೇರಬಹುದೇ?

ಥಾಯ್ ಪಂಚಾಂಗದ ಹನ್ನೆರಡನೆಯ ತಿಂಗಳ ಹುಣ್ಣಿಮೆಯ ರಾತ್ರಿ, ಸಾಮಾನ್ಯವಾಗಿ ನವೆಂಬರಿನಲ್ಲಿ. ಈಚಿನ ವರ್ಷಗಳಲ್ಲಿ ಅದು ನಮ್ಮ ಕಾರ್ತಿಕ ಹುಣ್ಣಿಮೆಯ ದಿನವೇ ಬಂದಿದೆ.

ಕ್ರಥೋಂಗ್ ಎಂದರೆ ಬಾಳೆದಿಂಡಿನ ಬಿಲ್ಲೆಯ ಸುತ್ತ ಬಾಳೆಎಲೆಯನ್ನು ದಳದಳವಾಗಿ ಮಡಚಿ ಚುಚ್ಚಿ ಮಾಡಿದ ಪುಟ್ಟ ದೊನ್ನೆ. ಅದರಲ್ಲಿ ಹೂವು, ಮೇಣದ ಬತ್ತಿ, ಊದುಬತ್ತಿ, ಒಂದು ನಾಣ್ಯ ಇಡುತ್ತಾರೆ. ಕೆಲವರು ತಲೆಗೂದಲು ಅಥವಾ ಉಗುರಿನ ತುಣುಕನ್ನೂ ಇಡುತ್ತಾರೆ, ಕೆಟ್ಟದ್ದು ನೀರಿನೊಂದಿಗೆ ಹರಿದುಹೋಗಲಿ ಎಂದು. ದೀಪ ಹಚ್ಚಿ, ಹಣೆಯ ಮಟ್ಟಕ್ಕೆ ಎತ್ತಿ ಕಣ್ಣು ಮುಚ್ಚಿ, ನದಿಗೆ ಬಿಡುತ್ತಾರೆ. ಆ ಕ್ಷಣದಲ್ಲಿ ಅವರು ನೆನೆಯುವ ದೇವಿಯ ಹೆಸರು ಫ್ರಾ ಮೇ ಖೋಂಗ್‌ಖಾ. ಖೋಂಗ್‌ಖಾ ಎಂದರೆ ಗಂಗೆ. ವರ್ಷವಿಡೀ ನಿನ್ನ ನೀರನ್ನು ಬಳಸಿದೆವು, ಕೊಳೆ ಮಾಡಿದೆವು, ಕ್ಷಮಿಸು ತಾಯಿ ಎಂಬುದು ಪ್ರಾರ್ಥನೆಯ ತಿರುಳು. ತುಂಬಿದ ಕಾವೇರಿಗೆ ಬಾಗಿನ ಬಿಡುವುದನ್ನು ಕಂಡವರಿಗೆ ಈ ಭಾವ ಹೊಸದಲ್ಲ. ಆದರೆ ಕ್ಷಮೆ ಕೇಳುವ ಆ ಮಾತು ನನ್ನನ್ನು ತಡೆದು ನಿಲ್ಲಿಸುತ್ತದೆ. ನಾವು ನದಿಯನ್ನು ಬೇಡಿಕೊಳ್ಳುವಷ್ಟು ಅದರ ಕ್ಷಮೆ ಕೇಳುವುದಿಲ್ಲ.

ಧಾರಾಳವಾಗಿ ಸೇರಬಹುದು, ಯಾರೂ ಬೇಡ ಎನ್ನುವುದಿಲ್ಲ. ಒಂದೇ ವಿನಂತಿ: ಕೊಳ್ಳುವಾಗ ಬಾಳೆದಿಂಡಿನದನ್ನೇ ಆರಿಸಿ, ಥರ್ಮೋಕೋಲಿನದು ಬೇಡ. ಬ್ರೆಡ್ಡಿನ ಕ್ರಥೋಂಗ್ ಮೀನಿಗೆ ಆಹಾರವಾಗುತ್ತದೆ ಎನ್ನುತ್ತಾರೆ, ಆದರೆ ನಿಂತ ನೀರಿನ ಕೊಳದಲ್ಲಿ ಅವು ಹೆಚ್ಚಾದರೆ ನೀರು ಹಳಸುತ್ತದೆ. ಮನೆಮಂದಿಗೆಲ್ಲ ಸೇರಿ ಒಂದೇ ಸಾಕು. ಮರುದಿನ ಬ್ಯಾಂಕಾಕಿನ ಪೌರಕಾರ್ಮಿಕರು ಲಕ್ಷಗಟ್ಟಲೆ ಕ್ರಥೋಂಗ್‌ಗಳನ್ನು ನೀರಿನಿಂದ ಎತ್ತಬೇಕಾಗುತ್ತದೆ.

ಬೇರೆ ಯಾವ ಆಚರಣೆಗಳು ನೀರಿನ ಜೊತೆ ಸೇರಿವೆ?

ಏಪ್ರಿಲ್ 13ರಿಂದ 15ರವರೆಗಿನ ಸೋಂಗ್‌ಕ್ರಾನ್ ಎಲ್ಲರಿಗೂ ಗೊತ್ತು. ಅದು ನಮ್ಮ ಸಂಕ್ರಾಂತಿ ಎಂಬ ಪದವೇ. ಬೀದಿಯ ನೀರಾಟ ಹೊರಗಿನ ಮುಖ. ಒಳಗಿನದು, ಹಿರಿಯರ ಅಂಗೈಗೆ ಪರಿಮಳದ ನೀರೆರೆದು ಆಶೀರ್ವಾದ ಪಡೆಯುವುದು.

ಇನ್ನೊಂದು ಪ್ರವಾಸಿಗರ ಕಣ್ಣಿಗೆ ಬೀಳುವುದು ಅಪರೂಪ. ದಹನದ ನಂತರ ಉಳಿದ ಬೂದಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಹೂವಿನೊಂದಿಗೆ ನದಿಗೋ ಅಳಿವೆಯ ಬಳಿಯ ಕಡಲಿಗೋ ಬಿಡುತ್ತಾರೆ. ಅದಕ್ಕೆ ಲೋಯ್ ಅಂಗ್‌ಖಾನ್ ಎಂದು ಹೆಸರು. ಲೋಯ್ ಎಂದರೆ ತೇಲಿಬಿಡುವುದು, ಅಂಗ್‌ಖಾನ್ ಎಂದರೆ ಸಂಸ್ಕೃತದ ಅಂಗಾರ. ಬಿಳಿ ಉಡುಪಿನವರ ಗುಂಪು ಇರುವ ದೋಣಿ ಕಂಡರೆ ಕ್ಯಾಮೆರಾ ಕೆಳಗಿಡಿ.

ಬ್ಯಾಂಕಾಕಿನಲ್ಲಿ ಸಾರ್ವಜನಿಕ ದೋಣಿ ಹತ್ತುವುದು ಹೇಗೆ?

ನಗರದ ಎತ್ತರದ ರೈಲಿನಲ್ಲಿ ಸಫಾನ್ ತಕ್ಸಿನ್ ನಿಲ್ದಾಣದಲ್ಲಿ ಇಳಿದರೆ ಕೆಳಗೇ ಸಾಥೋನ್ ದೋಣಿಕಟ್ಟೆ. ಅಲ್ಲಿಂದ ಚಾವೊ ಫ್ರಾಯಾ ಎಕ್ಸ್‌ಪ್ರೆಸ್ ದೋಣಿಗಳು ಉತ್ತರದ ನೋಂಥಬುರಿಯ ಕಡೆಗೆ ಹೋಗುತ್ತವೆ. ದೋಣಿಯ ಹಿಂಬದಿಯ ಬಾವುಟದ ಬಣ್ಣ ನೋಡಿ. ಕಿತ್ತಳೆ ಬಾವುಟದ್ದು ಊರಿನವರು ದಿನವೂ ಹತ್ತುವ ದೋಣಿ. ಹಳದಿ, ಹಸಿರು ಬಾವುಟದವು ಬೆಳಗ್ಗೆ, ಸಂಜೆಯ ಗಡಿಬಿಡಿಯ ಹೊತ್ತಿನವು, ಕಡಿಮೆ ಕಟ್ಟೆಗಳಲ್ಲಿ ನಿಲ್ಲುತ್ತವೆ. ನೀಲಿ ಬಾವುಟದ್ದು ಪ್ರವಾಸಿಗರದು, ದರವೂ ಹೆಚ್ಚು. ಕಟ್ಟೆಯಲ್ಲಿ ನೀಲಿಯ ಟಿಕೆಟ್ ಮಾರುವವರ ಕೂಗು ಜೋರಾಗಿರುತ್ತದೆ, ಕಿತ್ತಳೆಯದು ಬರುವವರೆಗೆ ಸಮಾಧಾನದಿಂದ ಕಾಯಿರಿ.

ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಕೆಲವೇ ಕ್ಷಣ. ಹಿಂಬದಿಯಲ್ಲಿ ನಿಂತವನು ಹಗ್ಗ ಸುತ್ತಿ ಸೀಟಿ ಊದುತ್ತಾನೆ, ಆ ಸೀಟಿಯೇ ಚಾಲಕನಿಗೆ ಕಣ್ಣು. ಇಳಿಯುವವರು ಇಳಿದ ಮೇಲೆ ತಡಮಾಡದೆ ಹತ್ತಿ, ಒಳಗೆ ಸರಿಯಿರಿ. ಭಿಕ್ಷುಗಳಿಗೆಂದು ಗುರುತು ಹಾಕಿದ ಜಾಗವಿರುತ್ತದೆ, ಅದನ್ನು ಬಿಟ್ಟುಕೊಡಿ. ಹೆಣ್ಣುಮಕ್ಕಳು ಭಿಕ್ಷುಗಳಿಗೆ ಮೈ ತಾಗದಂತೆ ದೂರ ನಿಲ್ಲುವುದು ಅಲ್ಲಿನ ಪದ್ಧತಿ.

ಥಾ ಚಾಂಗ್‌ನಲ್ಲಿ ಇಳಿದರೆ ಅರಮನೆ ಹತ್ತಿರ. ಹೆಸರಿನ ಅರ್ಥ ಆನೆಕಟ್ಟೆ, ಹಿಂದೆ ಅರಮನೆಯ ಆನೆಗಳಿಗೆ ಅಲ್ಲಿ ಸ್ನಾನ ಮಾಡಿಸುತ್ತಿದ್ದರು. ಥಾ ತಿಯನ್‌ನಿಂದ ಎದುರು ದಡಕ್ಕೆ ಕಡವಿನ ದೋಣಿ ಹಿಡಿದರೆ ಅರುಣನ ಹೆಸರಿನ ವಾಟ್ ಅರುಣ್. ಅದರ ಗೋಪುರದ ಮೈತುಂಬ ಚೀನೀ ಪಿಂಗಾಣಿಯ ಚೂರುಗಳ ಹೂಗಳಿವೆ. ದೂರದಿಂದ ಕಲ್ಲಿನಂತೆ ಕಾಣುವುದು ಹತ್ತಿರ ಹೋದರೆ ತಟ್ಟೆ, ಬಟ್ಟಲುಗಳ ಬಣ್ಣದ ತೋಟ.

ಉದ್ದನೆಯ ಬಾಲದಂಥ ಯಂತ್ರವಿರುವ ದೋಣಿ ಯಾವುದು?

ರುವಾ ಹಾಂಗ್ ಯಾವ್, ಉದ್ದಬಾಲದ ದೋಣಿ. ಕಾರಿನದೋ ಲಾರಿಯದೋ ಹಳೆಯ ಎಂಜಿನನ್ನು ಹಿಂಬದಿಯ ತಿರುಗಣೆಯ ಮೇಲೆ ಕೂರಿಸಿ, ಅದರಿಂದ ಒಂದು ನೀಳವಾದ ಸರಳನ್ನು ಚಾಚಿ, ತುದಿಗೆ ರೆಕ್ಕೆ ಕಟ್ಟಿರುತ್ತಾರೆ. ಅಂಬಿಗ ಇಡೀ ಎಂಜಿನನ್ನೇ ಎತ್ತಿ ತಿರುಗಿಸಬಲ್ಲನಾದ್ದರಿಂದ ಆಳವಿಲ್ಲದ, ಕಳೆ ತುಂಬಿದ ಕಾಲುವೆಯಲ್ಲೂ ದೋಣಿ ಸಾಗುತ್ತದೆ. ಮೂತಿಗೆ ಕಟ್ಟಿದ ಬಣ್ಣದ ಬಟ್ಟೆ, ಹೂಮಾಲೆ ದೋಣಿಯ ದೇವಿಗೆ ಸಲ್ಲಿಸಿದ್ದು. ಅಲ್ಲಿ ಕಾಲಿಡಬೇಡಿ, ಕೂರಬೇಡಿ. ಬಾಡಿಗೆಗೆ ಹಿಡಿಯುವುದಾದರೆ ಎಷ್ಟು ಹೊತ್ತು, ಯಾವ ಕಾಲುವೆ, ಒಟ್ಟು ಎಷ್ಟು ಬಾತ್ (ಥಾಯ್ ಹಣ) ಎಂಬುದನ್ನು ಹತ್ತುವ ಮೊದಲೇ ಮಾತಾಡಿ. ಇದು ದುಬಾರಿ, ಆದರೆ ಥೋನ್‌ಬುರಿಯ ಒಳಗಾಲುವೆಗಳ ಮರದ ಮನೆಗಳನ್ನು ನೋಡಲು ಒಮ್ಮೆ ಖರ್ಚು ಮಾಡಿದರೆ ತಪ್ಪಿಲ್ಲ.

ತೇಲುವ ಮಾರುಕಟ್ಟೆ ನಿಜವಾದದ್ದೇ, ಪ್ರವಾಸಿಗರಿಗಾಗಿ ನಡೆಸುವುದೇ?

ಎರಡೂ ಇವೆ. ದಮ್ನೋನ್ ಸದುವಾಕ್ ಕಾಲುವೆ 1860ರ ದಶಕದಲ್ಲಿ ಮೇ ಕ್ಲೋಂಗ್ ಮತ್ತು ಥಾ ಚೀನ್ ನದಿಗಳನ್ನು ಜೋಡಿಸಲು ತೋಡಿದ ನಿಜವಾದ ನೀರುದಾರಿ. ಆದರೆ ಇವತ್ತು ಅಲ್ಲಿನ ಮಾರುಕಟ್ಟೆ ಬಹುಮಟ್ಟಿಗೆ ಪ್ರವಾಸಿ ಬಸ್ಸುಗಳನ್ನೇ ನಂಬಿದೆ. ನನ್ನನ್ನು ಕೇಳಿದರೆ ಶುಕ್ರವಾರದಿಂದ ಭಾನುವಾರದವರೆಗೆ ನಡೆಯುವ ಅಂಫಾವಾಗೆ ಹೋಗಿ. ಮಧ್ಯಾಹ್ನದ ನಂತರ ದೋಣಿಗಳು ಸೇರುತ್ತವೆ, ಬಂದವರಲ್ಲಿ ಹೆಚ್ಚಿನವರು ಬ್ಯಾಂಕಾಕಿನ ಕುಟುಂಬಗಳು. ಕತ್ತಲಾದ ಮೇಲೆ ನದಿಯಂಚಿನ ಲಂಫು ಮರಗಳಲ್ಲಿ ಮಿಂಚುಹುಳುಗಳು ಒಟ್ಟೊಟ್ಟಿಗೆ ಮಿನುಗುವುದನ್ನು ದೋಣಿಯಿಂದ ತೋರಿಸುತ್ತಾರೆ. ರಾತ್ರಿ ಅಲ್ಲೇ ಉಳಿದರೆ ಬೆಳಗಿನ ಜಾವ ಭಿಕ್ಷು ಒಬ್ಬರೇ ಹುಟ್ಟು ಹಾಕುತ್ತಾ ಮನೆಮನೆಯ ಮೆಟ್ಟಿಲಿಗೆ ಭಿಕ್ಷೆಗೆ ಬರುವುದನ್ನು ಕಾಣಬಹುದು. ಸಮಯ ಕಡಿಮೆಯಿದ್ದರೆ ವಾರಾಂತ್ಯದಲ್ಲಿ ಬ್ಯಾಂಕಾಕಿನಲ್ಲೇ ಇರುವ ಖ್ಲೋಂಗ್ ಲಾಟ್ ಮಯೋಮ್ ಸಾಕು.

ಸಸ್ಯಾಹಾರಿಗಳಿಗೆ ನದಿಯ ದಡದಲ್ಲಿ ಊಟ ಸಿಗುತ್ತದೆಯೇ?

ಸಿಗುತ್ತದೆ, ಎಚ್ಚರ ಬೇಕು. 'ನೀರಿನಲ್ಲಿ ಮೀನಿದೆ, ಗದ್ದೆಯಲ್ಲಿ ಅಕ್ಕಿಯಿದೆ' ಎಂದು 1292ರ ಸುಖೋಥಾಯ್ ಶಾಸನವೇ ನಾಡಿನ ಸಮೃದ್ಧಿಯನ್ನು ಹೊಗಳುತ್ತದೆ. ಆ ಮೀನು ನಾಮ್ ಪ್ಲಾ ಎಂಬ ಸಾರವಾಗಿ ತರಕಾರಿ ಪಲ್ಯಕ್ಕೂ ಬೀಳುತ್ತದೆ. 'ಜೇ' ಎಂದು ಹೇಳಿ. ಮೀನು, ಮಾಂಸ, ಮೊಟ್ಟೆ ಯಾವುದೂ ಇಲ್ಲದ, ಬೆಳ್ಳುಳ್ಳಿ ಕೂಡ ಹಾಕದ ಅಡುಗೆ ಎಂದು ಅರ್ಥ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಅಂಗಡಿಗಳು ಅಂಥವು. ದೋಣಿ ನೂಡಲ್ಸ್ ಎಂಬ ಪ್ರಸಿದ್ಧ ತಿನಿಸಿನ ಸಾರಿಗೆ ಪ್ರಾಣಿಯ ರಕ್ತ ಬೆರೆಸುವುದುಂಟು, ಅದನ್ನು ಬಿಟ್ಟುಬಿಡಿ. ನಮ್ಮ ರುಚಿಯ ಊಟವೇ ಬೇಕಾದರೆ ಸಫಾನ್ ಫುಟ್ ಕಟ್ಟೆಯಲ್ಲಿ ಇಳಿದು ಭಾರತೀಯ ಅಂಗಡಿಗಳ ಫಾಹುರತ್ ಬೀದಿಗೆ ನಡೆದು ಹೋಗಬಹುದು.

ರಾಜನ ದೋಣಿಗಳ ಮೆರವಣಿಗೆ ನೋಡಲು ಸಿಗುತ್ತದೆಯೇ?

ಅದೃಷ್ಟವಿದ್ದರೆ ಮಾತ್ರ, ಅದು ವರ್ಷವರ್ಷವೂ ನಡೆಯುವುದಿಲ್ಲ. 2024ರ ಅಕ್ಟೋಬರ್ 27ರಂದು ನಡೆದದ್ದರಲ್ಲಿ 52 ದೋಣಿಗಳಿದ್ದವು, ಸುಮಾರು 2,200 ಮಂದಿ ಹುಟ್ಟು ಹಾಕಿದರು. ಮೆರವಣಿಗೆ ಸಿಗದಿದ್ದರೂ ಬಾಂಕಾಕ್ ನೋಯ್ ಕಾಲುವೆಯ ವಸ್ತುಸಂಗ್ರಹಾಲಯದಲ್ಲಿ ಮುಖ್ಯ ದೋಣಿಗಳನ್ನು ನೋಡಬಹುದು. 1911ರಲ್ಲಿ ನೀರಿಗಿಳಿದ ಸುಫನ್ನಹೋಂಗ್ ಹೆಸರನ್ನು ನಿಧಾನವಾಗಿ ಉಚ್ಚರಿಸಿ ನೋಡಿ, ಸುವರ್ಣಹಂಸ ಎಂದು ಕೇಳಿಸುತ್ತದೆ. ಪಕ್ಕದಲ್ಲೇ ಗರುಡನ ಮೇಲೆ ಕುಳಿತ ನಾರಾಯಣನ ದೋಣಿಯೂ ಇದೆ.

ಕ್ವಾಯ್ ನದಿಯ ಸೇತುವೆಗೆ ಯಾಕೆ ಅಷ್ಟು ಜನ ಹೋಗುತ್ತಾರೆ?

ಮೊದಲು ಹೆಸರು. ಖ್ವೇ ಎಂದರೆ ಉಪನದಿ. ಖ್ವಾಯ್ ಎಂದರೆ ಎಮ್ಮೆ! ಇಂಗ್ಲಿಷ್ ಬರಹದಿಂದಾಗಿ ಜಗತ್ತೆಲ್ಲ ಎಮ್ಮೆಯ ಉಚ್ಚಾರವನ್ನೇ ಹಿಡಿದಿದೆ. ಸೇತುವೆ ಕಟ್ಟಿದಾಗ ಅಲ್ಲಿನ ನದಿಗೆ ಮೇ ಕ್ಲೋಂಗ್ ಎಂದು ಹೆಸರಿತ್ತು. 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಎಂಬ ಇಂಗ್ಲಿಷ್ ಸಿನಿಮಾ ನೋಡಿ ಕ್ವಾಯ್ ಅನ್ನು ಹುಡುಕಿಕೊಂಡು ಬರುವವರು ಹೆಚ್ಚಾದ ಮೇಲೆ, 1960ರ ದಶಕದಲ್ಲಿ ಆ ಭಾಗಕ್ಕೆ ಖ್ವೇ ಯಾಯ್ ಎಂದು ಹೆಸರಿಟ್ಟರು.

ಎರಡನೆಯ ಮಹಾಯುದ್ಧದಲ್ಲಿ ಜಪಾನೀ ಸೇನೆ ಥಾಯ್ಲೆಂಡಿನಿಂದ ಬರ್ಮಾಕ್ಕೆ 415 ಕಿಲೋಮೀಟರ್ ರೈಲುಹಾದಿಯನ್ನು 1942–43ರಲ್ಲಿ ಹಾಕಿಸಿತು, ಈ ಸೇತುವೆ ಆ ಹಾದಿಯದು. ಆ ಕೆಲಸದಲ್ಲಿ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಅವರಲ್ಲಿ ಹಲವರ ಸಮಾಧಿಗಳು ಸೇತುವೆಯಿರುವ ಕಾಂಚನಬುರಿಯಲ್ಲಿ ಸಾಲುಸಾಲಾಗಿ, ಹೆಸರು ಸಮೇತ ಇವೆ. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸತ್ತವರು ಏಷ್ಯಾದ ಕೂಲಿಗಳು. ಅವರಲ್ಲಿ ಮಲಯಾದ ರಬ್ಬರ್ ತೋಟಗಳಿಂದ ತಂದ ತಮಿಳರು ಬಹಳ ಮಂದಿ. ಅವರಿಗೆ ಅಂಥ ಹೆಸರಿನ ಕಲ್ಲುಗಳಿಲ್ಲ. ಸೇತುವೆಯ ಮೇಲೆ ಫೋಟೋ ತೆಗೆಸಿಕೊಳ್ಳುವ ಭಾರತೀಯರು ಈ ಮಾತನ್ನು ತಿಳಿದಿರಬೇಕು. ನಾಮ್ ತೋಕ್‌ವರೆಗೆ ಇಂದಿಗೂ ರೈಲು ಓಡುತ್ತದೆ, ಥಾಮ್ ಕ್ರಸೇಯಲ್ಲಿ ಬಂಡೆಗೂ ಖ್ವೇ ನೋಯ್ ನದಿಗೂ ನಡುವೆ ಮರದ ಕಂಬಗಳ ಮೇಲೆ ನಿಧಾನವಾಗಿ ತೆವಳುತ್ತದೆ.

ಮೆಕಾಂಗ್ ನೋಡಲು ಎಲ್ಲಿಗೆ ಹೋಗುವುದು ಒಳ್ಳೆಯದು?

ಸಂಜೆ ಸುಮ್ಮನೆ ದಡದಲ್ಲಿ ನಡೆಯಬೇಕೆಂದರೆ ನೋಂಗ್ ಖಾಯ್ ಅಥವಾ ಚಿಯಾಂಗ್ ಖಾನ್. ಭಿಕ್ಷುಗಳು ಮಳೆಗಾಲದಲ್ಲಿ ಒಂದೇ ಕಡೆ ತಂಗುವ ವರ್ಷಾವಾಸ ಮುಗಿಯುವ ಹುಣ್ಣಿಮೆಯ ರಾತ್ರಿ, ಅಕ್ಟೋಬರ್ ಹೊತ್ತಿಗೆ, ನೋಂಗ್ ಖಾಯ್ ಪ್ರಾಂತ್ಯದ ಫೋನ್ ಫಿಸಾಯ್‌ನಲ್ಲಿ ನದಿಯಿಂದ ಕೆಂಪು ಬೆಂಕಿಯುಂಡೆಗಳು ಏಳುತ್ತವೆ ಎಂದು ಜನ ಕಿಕ್ಕಿರಿಯುತ್ತಾರೆ. ನಾಗರಾಜ ಬುದ್ಧನಿಗೆ ಸಲ್ಲಿಸುವ ಗೌರವ ಅದು ಎಂಬುದು ಅಲ್ಲಿಯವರ ನಂಬಿಕೆ. ದೋಣಿಯಲ್ಲಿ ದೂರ ಸಾಗುವ ಆಸೆಯಿದ್ದರೆ ಚಿಯಾಂಗ್ ಖೋಂಗ್‌ನಿಂದ ಗಡಿ ದಾಟಿ, ಲಾವೋಸಿನ ಲುವಾಂಗ್ ಪ್ರಬಾಂಗ್‌ವರೆಗೆ ಎರಡು ದಿನದ ನಿಧಾನ ದೋಣಿ ಹಿಡಿಯಿರಿ.

ಇದೇ ನದಿಯಲ್ಲಿ 2005ರಲ್ಲಿ ಥಾಯ್ ಮೀನುಗಾರರಿಗೆ 293 ಕಿಲೋ ತೂಕದ ಪ್ಲಾ ಬ್ಯೂಕ್ ಮೀನು ಸಿಕ್ಕಿತ್ತು. ಈಗ ಆ ಜಾತಿಯೇ ಅಳಿವಿನ ಅಂಚಿನಲ್ಲಿದೆ.

ನದಿಗಳ ಆರೋಗ್ಯ ಹೇಗಿದೆ?

ಚೆನ್ನಾಗಿಲ್ಲ, ಇದನ್ನು ಮುಚ್ಚಿಡಬಾರದು. ಮೆಕಾಂಗಿನ ಮೇಲ್ಭಾಗದ ಅಣೆಕಟ್ಟುಗಳಿಂದ ನೀರಿನ ಏರಿಳಿತವೇ ಕೆಟ್ಟಿದೆ. 2019ರಲ್ಲಿ ಹೂಳಿಲ್ಲದೆ ಕೆಂಗಂದು ನದಿ ನೀಲಿಯಾಗಿ ಹರಿದಾಗ ಪ್ರವಾಸಿಗರು ಚಂದ ಎಂದರು, ಮೀನುಗಾರರು ಹೆದರಿದರು. ಮೆಕಾಂಗಿನ ಉಪನದಿಯಾದ ಮೂನ್ ನದಿಗೆ 1994ರಲ್ಲಿ ಕಟ್ಟಿ ಮುಗಿಸಿದ ಪಾಕ್ ಮೂನ್ ಅಣೆಕಟ್ಟಿನಿಂದ ಮೀನು ಕಳೆದುಕೊಂಡ ಹಳ್ಳಿಗಳವರು ವರ್ಷಗಟ್ಟಲೆ ಹೋರಾಡಿದ್ದಾರೆ. ದಡದವರ ಮಾತು ಗೆದ್ದದ್ದೂ ಉಂಟು. ಹಡಗುಗಳಿಗಾಗಿ ಮೆಕಾಂಗಿನ ಬಂಡೆಗಳನ್ನು ಸಿಡಿಸುವ ಯೋಜನೆಯನ್ನು ಸರ್ಕಾರ 2020ರಲ್ಲಿ ಕೈಬಿಟ್ಟಿತು. ಯೋಮ್ ನದಿಗೆ ದೊಡ್ಡ ಅಣೆಕಟ್ಟು ಬೇಡವೆಂದು ಸಾ ಇಯಬ್ ಹಳ್ಳಿಗರು ದಶಕಗಳಿಂದ ಪಟ್ಟು ಹಿಡಿದಿದ್ದಾರೆ.

2011ರ ಪ್ರವಾಹದಲ್ಲಿ 800ಕ್ಕೂ ಹೆಚ್ಚು ಮಂದಿ ಸತ್ತರು, 65 ಪ್ರಾಂತ್ಯಗಳು ನೀರು ಕಂಡವು, ಬ್ಯಾಂಕಾಕಿನ ದೋನ್ ಮುವಾಂಗ್ ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಯಿತು. ನೀರಿನ ಬಯಲಿನಲ್ಲಿ ಕಾರ್ಖಾನೆ ಕಟ್ಟಿದ್ದರ ಬೆಲೆಯೂ ಅದರಲ್ಲಿ ಸೇರಿತ್ತು.

ಉತ್ತರಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ. 2025ರಲ್ಲಿ ಚಿಯಾಂಗ್ ರಾಯ್ ಕಡೆಯ ಕೋಕ್ ಮತ್ತು ಸಾಯ್ ನದಿಗಳಲ್ಲಿ ಮಿತಿ ಮೀರಿದ ಆರ್ಸೆನಿಕ್ ಪತ್ತೆಯಾಯಿತು. ಅಲ್ಲಿ ನೀರಿಗೆ ಇಳಿಯುವ ಮೊದಲು ಸ್ಥಳೀಯರ ಸೂಚನೆ ಕೇಳಿ.

ಯಾವ ತಿಂಗಳು ಹೋಗಬೇಕು?

ನವೆಂಬರಿನಿಂದ ಫೆಬ್ರುವರಿ. ಅಕ್ಟೋಬರಿನಲ್ಲಿ ನದಿ ತುಂಬಿ ಕಟ್ಟೆಯ ಹಲಗೆಗಳವರೆಗೂ ಬರುವುದುಂಟು, ನೋಡಲು ಭವ್ಯ, ಹತ್ತಲು ಕಷ್ಟ.

ಬ್ಯಾಂಕಾಕಿನಲ್ಲಿ ನನಗಿರುವುದು ಒಂದೇ ದಿನ. ನದಿಗೆ ಹೇಗೆ ಹಂಚಲಿ?

ಊಟದ ಹಡಗನ್ನು ಬಿಡಿ. ಬೆಳಗ್ಗೆ ಏಳಕ್ಕೆ ಸಾಥೋನ್‌ನಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿ, ಶಾಲೆಯ ಮಕ್ಕಳು, ಕಚೇರಿಯವರು, ಹೂವಿನ ಚೀಲದವರ ನಡುವೆ ನೋಂಥಬುರಿಯ ಕೊನೆಯ ಕಟ್ಟೆಯವರೆಗೂ ಹೋಗಿ. ಅಲ್ಲಿನ ಸಂತೆಯಲ್ಲಿ ತಿಂಡಿ ಮುಗಿಸಿ. ಪುರುಸೊತ್ತಿದ್ದರೆ ಇನ್ನೂ ಮೇಲಕ್ಕೆ ಕೋ ಕ್ರೆತ್ ದ್ವೀಪಕ್ಕೆ ಹೋಗಬಹುದು. 1722ರಲ್ಲಿ ತೋಡಿದ ಕಾಲುವೆಯಿಂದಾಗಿ ದ್ವೀಪವಾದ ಆ ನೆಲದಲ್ಲಿ ಮೋನ್ ಜನಾಂಗದ ಕುಂಬಾರರು ಇಂದಿಗೂ ಕೆಮ್ಮಣ್ಣಿನ ಮಡಕೆಗಳಿಗೆ ಕಸೂತಿಯಂಥ ಕೆತ್ತನೆ ಮಾಡುತ್ತಾರೆ. ಮರಳುವಾಗ ಥಾ ತಿಯನ್‌ನಲ್ಲಿ ಇಳಿದು ಕಡವು ದಾಟಿ ವಾಟ್ ಅರುಣ್ ನೋಡಿ, ಸಂಜೆ ಮತ್ತೆ ಈಚೆ ದಡಕ್ಕೆ ಬನ್ನಿ. ಎಕ್ಸ್‌ಪ್ರೆಸ್ ದೋಣಿಗಳು ಸಂಜೆಗೇ ನಿಂತುಹೋಗುತ್ತವೆ, ವಾರಾಂತ್ಯದಲ್ಲಿ ಇನ್ನೂ ಬೇಗ. ಕೊನೆಯ ದೋಣಿಯ ಹೊತ್ತನ್ನು ಬೆಳಗ್ಗೆಯೇ ಕಟ್ಟೆಯಲ್ಲಿ ಕೇಳಿಟ್ಟುಕೊಳ್ಳಿ.